ಚೂರು ರಟ್ಟಿನ ಕಾರ್ಡುಗಳು

ರಟ್ಟಿಗೆ ಖರ್ಚಿಲ್ಲ, ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ಚೂರುಗಳೇ ಒಂದು ಮೂಟೆಯಷ್ಟಿದ್ದವು. ಅರ್ಧ ಡಬ್ಬಿ ಅಂಟು, ಚಿತ್ರಗಳಿಗೆ ಒಂದೇ ಬೆಲೆಪಟ್ಟಿಯ ಎರಡು ಹಳೆಯ ಪ್ರತಿ, ನನ್ನ ಎರಡು ಮಧ್ಯಾಹ್ನದ ನಿದ್ದೆ. ಇಷ್ಟರಲ್ಲಿ ನಲವತ್ತು ಕಾರ್ಡು ತಯಾರಾದವು: ಇಪ್ಪತ್ತು ವಸ್ತು, ಒಂದೊಂದಕ್ಕೂ ಜೋಡಿ.

ಮಾಡಿದ್ದು ಮಗಳ ಮಗಳು ಗುಬ್ಬಿಗಾಗಿ. ಆರು ವರ್ಷ. ಅಪ್ಪನ ಊರಲ್ಲಿ, ಅಪ್ಪನ ಭಾಷೆಯಲ್ಲೇ ಬೆಳೆದು ಈಗಷ್ಟೇ ನಮ್ಮ ಮನೆಗೆ ಬಂದವಳು. ನಮ್ಮ ಮಾತಿನಲ್ಲಿ "ಅಜ್ಜಿ", "ಬೇಡ" ಎರಡೇ ಗೊತ್ತು. ಶಾಲೆಯ ಟೀಚರು ಕಡ್ಡಿ ಮುರಿದಂತೆ ಹೇಳಿದ್ದರು: ತಿಂಗಳ ಕೊನೆಗೆ ಇಪ್ಪತ್ತು ವಸ್ತು ತೋರಿಸುತ್ತೇನೆ, ಹದಿನೈದರ ಹೆಸರು ಹೇಳಿದರೆ ಒಂದನೇ ತರಗತಿ, ಇಲ್ಲದಿದ್ದರೆ ಪುಟಾಣಿಗಳ ಜೊತೆ. ಒಂದನೇ ತರಗತಿಯಲ್ಲಿ ನನ್ನ ಮಗನ ಮಗಳಿದ್ದಳು. ಎಲ್ಲಕ್ಕೂ ವಾದ ಹೂಡುವ ಅವಳನ್ನು ಮನೆಯಲ್ಲಿ ಲಾಯರಮ್ಮ ಅನ್ನುತ್ತೇವೆ. ಹೊಸ ಮನೆಯಲ್ಲಿ ಗುಬ್ಬಿ ನೆಚ್ಚಿಕೊಂಡಿದ್ದು ಆ ಅಕ್ಕನೊಬ್ಬಳನ್ನೇ.

ಕಾರ್ಡುಗಳನ್ನು ಬೋರಲು ಹರಡಿ ಎರಡನ್ನು ತಿರುಗಿಸಬೇಕು. ಜೋಡಿ ಸಿಕ್ಕಿ, ಹೆಸರನ್ನೂ ಹೇಳಿದರೆ ಕಾರ್ಡು ನಿನ್ನದು. ವಾರದೊಳಗೆ ಗುಬ್ಬಿ "ಕತ್ತರಿ! ಬೀಗ! ಚಮಚ!" ಎಂದು ಪಟಪಟನೆ ಬಾಚಿಕೊಳ್ಳತೊಡಗಿದಳು. ಎರಡು ವಾರ ನಾನು ಹಿಗ್ಗಿದ್ದೇ ಹಿಗ್ಗಿದ್ದು.

"ಅಜ್ಜೀ, ಇವಳು ಮೋಸ ಮಾಡ್ತಾಳೆ," ಎಂದಳು ಲಾಯರಮ್ಮ.

"ಸೋತವರ ಕಣ್ಣಿಗೆ ಗೆದ್ದವರೆಲ್ಲ ಮೋಸಗಾರರೇ ಕಣೇ."

"ಅಲ್ಲಜ್ಜಿ! ತಿರುಗಿಸೋಕೆ ಮುಂಚೇನೇ ಹೆಸರು ಹೇಳ್ತಾಳೆ!"

ಅದು ಹೇಗೆ? ನನ್ನ ತಲೆಗೂ ಹುಳ ಹೊಕ್ಕಿತು. ಅಡುಗೆಮನೆಯ ಚಮಚವೊಂದನ್ನು ಎತ್ತಿ ಹಿಡಿದೆ. ಗುಬ್ಬಿ ಅದನ್ನು ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ, ಏನನ್ನೋ ಹುಡುಕಿ, ಹೆಸರು ಹೇಳದೆ ನನ್ನ ಕೈಗೇ ವಾಪಸು ಕೊಟ್ಟಳು.

ಕಾರ್ಡುಗಳನ್ನು ಬೋರಲು ಹರಡಿ ನೋಡಿದೆ. ಮೂವತ್ತು ವರ್ಷ ಬೈಂಡಿಂಗ್ ಮಾಡಿದ ಕೈಗೆ ನಾಚಿಕೆಯಾಗಬೇಕು! ಒಂದು ಚೂರಿನಲ್ಲಿ ಸರಿಯಾಗಿ ಎರಡು ಕಾರ್ಡು ಬರುತ್ತವೆಂದು ಜೋಡಿಗೊಂದು ಚೂರು ಕತ್ತರಿಸಿದ್ದೆ. ಕತ್ತರಿ ಎರಡಕ್ಕೂ ನೀಲಿ ಬೆನ್ನು, ಬೀಗಕ್ಕೆ ಕಂದು, ಚಮಚಕ್ಕೆ ಎಣ್ಣೆ ಕಲೆ. ಮಗು ಚಿತ್ರ ನೋಡಿಯೇ ಇರಲಿಲ್ಲ. ಕಲಿತದ್ದು ಕಲೆಯ ಹೆಸರು.

ಉಳಿದದ್ದು ಆರು ದಿನ. ನಲವತ್ತಕ್ಕೂ ಒಂದೇ ಬೂದು ಕಾಗದ ಅಂಟಿಸಿದೆ. ಗುಬ್ಬಿಗೆ ಒಂದು ಜೋಡಿಯೂ ಸಿಗಲಿಲ್ಲ. "ಬೇಡ!" ಎಂದು ಕಾರ್ಡುಗಳನ್ನು ತೂರಿದಳು.

ಲಾಯರಮ್ಮ ಒಂದೊಂದಾಗಿ ಆರಿಸಿ ತಂದಳು. "ಇನ್ಮೇಲೆ ಹೆಸರು ಗೊತ್ತಿಲ್ದೆ 'ಇದೇನು' ಅಂತ ಕೇಳಿದ್ರೂ ಕಾರ್ಡು ಕೊಡ್ಬೇಕು."

"ಯಾರ ಕಾನೂನೇ ಅದು?"

"ನಂದು. ನೀನು ಬೆನ್ನು ಬದಲಾಯಿಸ್ಲಿಲ್ವಾ?"

ಆಮೇಲೆ ಗುಬ್ಬಿಯ ಬಾಯಿಗೆ ಬೀಗವೇ ಇಲ್ಲ. ಚಿಲಕ ಹಿಡಿದು "ಇದೇನು?" ಲೋಟದಲ್ಲಿಟ್ಟ ನನ್ನ ಹಲ್ಲಿನ ಸೆಟ್ಟು ತೋರಿಸಿ "ಇದೇನು?"

ತಿಂಗಳ ಕೊನೆಗೆ ಟೀಚರು ಇಪ್ಪತ್ತು ವಸ್ತುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟರು. ಗುಬ್ಬಿ ಹನ್ನೊಂದರ ಹೆಸರು ಹೇಳಿದಳು. ಉಳಿದ ಒಂಬತ್ತಕ್ಕೂ ಬೆರಳಿಟ್ಟು "ಇದೇನು?" ಎಂದು ಟೀಚರನ್ನೇ ಕೇಳಿದಳು. ಅವರು ನಗುತ್ತಲೇ ಎಲ್ಲಕ್ಕೂ ಹೆಸರು ಹೇಳಿ, ಪುಸ್ತಕದಲ್ಲಿ ಮಾತ್ರ ಹನ್ನೊಂದು ಎಂದು ಬರೆದರು.

"ಹದಿನೈದು ಅಂದ್ರೆ ಹದಿನೈದೇ ಅಮ್ಮಾ," ಎಂದರು.

ಈ ವರ್ಷ ಅಕ್ಕನ ಪಕ್ಕದ ಜಾಗ ತಪ್ಪಿತು. ಮೂರು ವಾರ ಹಾಳು ಮಾಡಿದವಳು ನಾನು. ಗುಬ್ಬಿ ಪುಟಾಣಿಗಳ ಜೊತೆ ಕೂರುತ್ತಾಳೆ, ದಿನಕ್ಕೆ ಆರೇಳು ಹೊಸ ಹೆಸರು ಕೇಳಿಕೊಂಡು ಬರುತ್ತಾಳೆ.