ಮನೆಯಲ್ಲಿ ಹುಟ್ಟಿದ ಹಾವು

"ಹೆದರ್ಬೇಡ ಪುಟ್ಟಿ, ಕೈ ಹಾಕು. ಮೊಟ್ಟೆಯಿಂದ ಬಂದಾಗಿಂದ ನಮ್ಮ ಕೈಯಲ್ಲೇ ಆಡಿರೋ ಹಾವು," ಎಂದ ಗಂಡ, ಡಬ್ಬಿಯ ಮುಚ್ಚಳ ತೆಗೆಯುತ್ತ. ಅಪ್ಪನ ಜೊತೆ ಹಾವು ಕೊಳ್ಳಲು ಬಂದಿದ್ದ ಟೈಲರನ ಮಗಳು ಫ್ರಾಕಿನ ತೋಳು ಮೇಲಕ್ಕೆ ಸರಿಸಿಕೊಂಡಳು.

ಹಾವು ಮರಿ ಮಾಡಿಸಿ ಮಾರುವ ಈ ಮನೆಯ ಪದ್ಧತಿಯೇ ಅದು. ಹಾವು ಸಾಕಲು ಒಯ್ಯುವವರು ಯಾರೇ ಇರಲಿ, ಮೊದಲು ಕೈ ಹಾಕಿ ಎತ್ತಿಕೊಳ್ಳಬೇಕು. ಕಾಡಿನಿಂದ ಹಿಡಿದದ್ದಲ್ಲ, ಮನೆಯಲ್ಲೇ ಮರಿ ಮಾಡಿಸಿದ್ದು ಎನ್ನಲು, ಅದು ಕೈಗೆ ಪಳಗಿ ಕಚ್ಚದಿರುವುದೇ ಪುರಾವೆ. ಹದಿನಾಲ್ಕು ವರ್ಷದಿಂದ ಅವನ ಹೆಂಡತಿ ನಡೆಸಿಕೊಂಡು ಬಂದ ನೇಮ. ಕಾಡಿನದನ್ನು ತಂದು ಮಾರುವವರ ಹೆಸರೆತ್ತಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬಿಲ ಅಗೆದು, ಹತ್ತು ಹಿಡಿದು, ಆರನ್ನು ಚೀಲದಲ್ಲೇ ಸಾಯಿಸುವ ಕಟುಕರು!

ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದು ಬಗ್ಗಿ ನೋಡಿದಳು. ಹಾವಿನ ಕಣ್ಣಿನ ಪಕ್ಕ ರಕ್ತ ಹೀರುವ ಒಂದು ಕಾಡು ಉಣ್ಣಿ ಕಚ್ಚಿಕೊಂಡಿತ್ತು. ದಿನಾ ತೊಳೆಯುವ ಡಬ್ಬಿಯಲ್ಲಿ ಹುಟ್ಟಿ ಬೆಳೆದ ಹಾವಿಗೆ ಅದು ಎಲ್ಲಿಂದ ಬರಬೇಕು? ಅವರು ಮಾರುವುದು ವಿಷವಿಲ್ಲದ ಜಾತಿ, ಆದರೆ ಇದೇ ಪಟ್ಟೆಯ ವಿಷದ ಹಾವೂ ಕಾಡಿನಲ್ಲಿದೆ. ಬಲ್ಲವರೂ ಒಮ್ಮೊಮ್ಮೆ ಮೋಸಹೋಗುತ್ತಾರೆ.

"ತೆಗಿ ಕೈ!" ಎಂದು ಕಿರುಚಿ ಹುಡುಗಿಯ ರಟ್ಟೆ ಹಿಡಿದೆಳೆದಳು. ಡಬ್ಬಿಯ ಮುಚ್ಚಳ ಹಾಕಿ ಒತ್ತಿ ಹಿಡಿದಳು.

"ಏನಾಯ್ತಮ್ಮ?" ಟೈಲರ್ ಗಾಬರಿಯಾದ.

"ಇದು ನಮ್ಮನೇಲಿ ಹುಟ್ಟಿದ್ದಲ್ಲಣ್ಣ."

"ಏ, ಸುಮ್ನಿರೇ!" ಗಂಡ ಹಲ್ಲು ಕಡಿದ.

"ಎಲ್ಲಿಂದ ತಂದ್ರಿ? ನಿಜ ಹೇಳ್ರಿ."

"ಈ ಸಲ ಮೊಟ್ಟೆ ಅರ್ಧಕ್ಕರ್ಧ ಕೊಳೆತು ಹೋದ್ವಲ್ಲ. ಹೇಳಿಟ್ಟೋರಿಗೆ ಇಲ್ಲ ಅನ್ನಕ್ಕಾಗುತ್ತಾ? ಹಾವು ಹಿಡಿಯೋನು ಅದೇ ಜಾತಿ ಅಂತ ತಂದ್ಕೊಟ್ಟ."

ಟೈಲರ್ ಮಗಳನ್ನು ಎತ್ತಿಕೊಂಡು ಹೊರಟುಹೋದ. ಹೋಗಲಿ, ಮಗು ಉಳಿಯಿತಲ್ಲ ಎಂದುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಇದೊಂದೇನಾ?"

ಗಂಡ ನೆಲ ನೋಡಿದ. "ಇನ್ನೂ ಮೂರು. ನೀನು ತಂಗಿ ಮನೆಗೆ ಹೋಗಿದ್ದಾಗ ಕೊಟ್ಟೆ."

"ಕೈ ಹಾಕಿಸಿದ್ರಾ?"

"ಹಾಕಿಸ್ದೆ. ಚಳಿಗೆ ಮುದುರ್ಕೊಂಡು ಸುಮ್ನಿದ್ವು ಕಣೇ. ದಿನಾ ಕೈಲಿ ಎತ್ಕೊಳ್ಳಿ ಅಂತಾನೂ ಹೇಳಿ ಕಳಿಸ್ದೆ. ನೀನು ಹೇಳೋ ಹಾಗೇ."

"ಅಯ್ಯೋ ದೇವರೇ!"

ಫೋನ್ ಎತ್ತಿಕೊಂಡಳು. ಮೊದಲನೆಯವರು ಸಿಕ್ಕಿದರು. "ಡಬ್ಬಿ ಮುಟ್ಬೇಡಿ, ನಿಮ್ಮ ದಮ್ಮಯ್ಯ," ಎಂದಳು. ಎರಡನೆಯವರಿಗೂ ಅದನ್ನೇ ಹೇಳಿದಳು. ಮೂರನೆಯದು ಹಿಂದಿನ ಬೀದಿಯ ಅವಳಿ ಮಕ್ಕಳ ಮನೆ. ಅಲ್ಲಿ ಯಾರೂ ಎತ್ತಲಿಲ್ಲ. ಶಾಲೆ ಬಿಟ್ಟು ಅರ್ಧ ಗಂಟೆಯಾಗಿತ್ತು, ಮಕ್ಕಳು ಮನೆ ಸೇರಿರಬೇಕು. ಫೋನನ್ನು ಕಿವಿಗೊತ್ತಿಕೊಂಡು ಅವಳು ಬರಿಗಾಲಲ್ಲೇ ಬೀದಿಗಿಳಿದು ಓಡಿದಳು. ತಿರುವು ದಾಟಿ ಆ ಮನೆಯ ಗೇಟಿನ ಮುಂದೆ ನಿಂತಾಗ, ಮುಚ್ಚಿದ ಬಾಗಿಲಿನಾಚೆ ಫೋನ್ ರಿಂಗಾಗುತ್ತಲೇ ಇತ್ತು.