ಚಿಂತಾಮಣಿ ಮ್ಯಾಚಿನ ಕ್ಯಾಪ್ಟನ್

ಚಟ್ಟ ಎತ್ತುವ ಹೊತ್ತಿಗೆ ಆವಲಪ್ಪ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದಕ್ಕೆ ಸರಿದುಬಿಟ್ಟ. ಸತ್ತವನು ಮುನಿನಾರಾಯಣಪ್ಪ, ಗೌರಿಬಿದನೂರು ಕ್ರಿಕೆಟ್ ತಂಡದ ಹಳೆಯ ಕ್ಯಾಪ್ಟನ್. ಆವಲಪ್ಪ ಅವನ ವಿಕೆಟ್‌ಕೀಪರ್ ಆಗಿದ್ದವನು. ಆರು ವರ್ಷದಿಂದ ಅವನೊಂದಿಗೆ ಮಾತು ಬಿಟ್ಟಿದ್ದ. ಸಾವಿಗೆ ಹೋಗುವುದೇ ಹೆಚ್ಚು, ಹಿಡಿ ಮಣ್ಣು ಮಾತ್ರ ಹಾಕುವುದಿಲ್ಲ ಎಂದು ಹೆಂಡತಿಗೆ ಹೇಳಿಯೇ ಹೊರಟಿದ್ದ.

ತಮಟೆಯ ಹಿಂದೆ ನಡೆಯುತ್ತ ತಂಡದ ಹಳೆಯ ಜೊತೆಗಾರ ರಾಮಾಂಜಿನಪ್ಪ ಪಿಸುಗುಟ್ಟಿದ. "ಇವ್ನಿಗಿಂತ ಮುಂಚೆ ನರಸಿಂಹಪ್ಪ ಕ್ಯಾಪ್ಟನ್ ಆಗಿದ್ದಾಗ ನಮ್ಮನ್ನ ಸೋಲ್ಸೋರು ಈ ಸೀಮೇಲೇ ಇರ್ಲಿಲ್ಲ ಕಣಪ್ಪ. ಇವ್ನು ಬಂದ, ಶಿಡ್ಲಘಟ್ಟದ ಹುಡುಗ್ರೂ ನಮ್ಮನ್ನ ಸೋಲ್ಸಿ ಹೋದ್ರು."

"ಸೋತಿದ್ದಕ್ಕಲ್ಲ ನನ್ನ ಸಿಟ್ಟು. ಮ್ಯಾಚು ಮಾರ್ಕೊಂಡ್ನಲ್ಲ, ಅದಕ್ಕೆ."

"ನೀನು ಕಣ್ಣಾರೆ ನೋಡಿದ್ಯಾ?"

"ನೋಡ್ದೆ," ಎಂದ ಆವಲಪ್ಪ.

*

ಆರು ವರ್ಷದ ಹಿಂದೆ, ಅರವತ್ತೆರಡರ ಬೇಸಿಗೆ, ಚಿಂತಾಮಣಿಯಲ್ಲಿ ಫೈನಲ್. ಬೆಳಿಗ್ಗೆ ಶಾಮಿಯಾನದ ಹಿಂದೆ ಬಿಳಿ ಪ್ಯಾಂಟಿನ ಅಪರಿಚಿತನೊಬ್ಬ ಮುನಿನಾರಾಯಣಪ್ಪನ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದ. ಆವಲಪ್ಪನನ್ನು ಕಂಡದ್ದೇ ಇಬ್ಬರೂ ಬಾಯಿ ಮುಚ್ಚಿದರು.

ಆಟ ಶುರುವಾಯಿತು. ಗೌರಿಬಿದನೂರಿನ ವೇಗದ ಬೌಲರ್ ಗಂಗುಲಪ್ಪ ಬಂದವನೇ ಎರಡು ವಿಕೆಟ್ ಕಿತ್ತ. ಅವನ ಎರಡನೆಯ ಓವರ್ ಮುಗಿದದ್ದೇ ತಡ, ಕ್ಯಾಪ್ಟನ್ ಚೆಂಡು ಕಸಿದುಕೊಂಡ. ಮತ್ತೆ ಕೊಡಲೇ ಇಲ್ಲ. ಚಿಂತಾಮಣಿಯವರು ಮನಸಾರೆ ಚಚ್ಚಿದರು.

"ಗಂಗುಲಪ್ಪಂಗೆ ಕೊಡಣ್ಣ, ನಿನ್ನ ದಮ್ಮಯ್ಯ," ಎಂದು ಆವಲಪ್ಪ ಗೋಗರೆದ.

"ಕ್ಯಾಪ್ಟನ್ ನಾನು ಕಣೋ," ಅಂದನಷ್ಟೆ.

ಸೋತರು. ಆ ಸಿಟ್ಟಿಗೇ ಗಂಗುಲಪ್ಪ ಊರು ಬಿಟ್ಟು ಬೆಂಗಳೂರು ಸೇರಿದ ಎಂದು ಜನ ಆಡಿಕೊಂಡರು. ತಂಡ ಮತ್ತೆ ತಲೆ ಎತ್ತಲಿಲ್ಲ.

*

ಗುಂಡಿಯ ಬಳಿ ಗಂಗುಲಪ್ಪ ನಿಂತಿದ್ದ. ಬೆಳಗಿನ ರೈಲಿಗೆ ಬಂದಿದ್ದನಂತೆ, ಅತ್ತು ಕಣ್ಣು ಕೆಂಪಾಗಿತ್ತು. ಇವನೇಕೆ ಅಳಬೇಕು, ಇವನಿಗೂ ಪಾಲು ಸಿಕ್ಕಿತ್ತೇನೋ ಎಂದುಕೊಂಡ ಆವಲಪ್ಪ. ಅನುಮಾನಕ್ಕೆ ಅವನಲ್ಲಿ ಎಂದೂ ಬರವಿರಲಿಲ್ಲ.

ಗಂಗುಲಪ್ಪ ಬಗ್ಗಿ ಎಡಗೈಯಲ್ಲಿ ಮಣ್ಣು ತೆಗೆದುಕೊಂಡ.

"ಏಮಯ್ಯಾ, ಎಡಗೈಲಿ ಹಾಕ್ತಾರಾ? ಬಲಗೈ!" ಹಿರಿಯ ಮುನಿಶಾಮಪ್ಪ ಗದರಿದ.

ಗಂಗುಲಪ್ಪ ಮಣ್ಣನ್ನು ಬಲಗೈಗೆ ಸುರಿದುಕೊಂಡ. ಆ ಕೈ ಮುಂದಕ್ಕೆ ಬರಲಿಲ್ಲ. ಎಡಗೈಯಿಂದ ಮಣಿಕಟ್ಟು ಹಿಡಿದೆತ್ತಿ, ಗುಂಡಿಯ ಮೇಲಕ್ಕೆ ತಂದು ಬಿಟ್ಟ.

"ಏನಾಯ್ತೋ ಕೈಗೆ?" ಆವಲಪ್ಪ ಕೇಳಿದ.

"ಭುಜ ಅವತ್ತೇ ಹೋಯ್ತಲ್ಲಣ್ಣ, ಚಿಂತಾಮಣೀಲಿ, ಎರಡ್ನೇ ಓವರ್ನಲ್ಲಿ. ನನ್ನಾಟ ನೋಡಿ ಕೆಲ್ಸ ಕೊಡಕ್ಕೆ ಬೆಂಗ್ಳೂರಿಂದ ಮಿಲ್ಲಿನೋರು ಬಂದಿದ್ರು. ಕರ್ಸಿದ್ದು ಕ್ಯಾಪ್ಟನ್ ನಾರಾಯಣಣ್ಣಾನೇ. ಭುಜದ ವಿಷ್ಯ ಉಸಿರೆತ್ತಬೇಡ, ಅವ್ರಿಗೆ ಗೊತ್ತಾದ್ರೆ ಕೆಲ್ಸ ಹೋಗುತ್ತೆ, ಚೆಂಡು ನಾನು ಕಿತ್ಕೋತೀನಿ, ಬೈಗುಳ ನಾನು ತಿಂತೀನಿ ಅಂದ."

"ಬಿಳೀ ಪ್ಯಾಂಟಿನೋನು..."

"ಅವ್ರೇ ಕಣಣ್ಣ."

ಇದು ಸುಳ್ಳಾಗಿರಲಿ ಎಂದು ಆವಲಪ್ಪ ಒಂದು ಗಳಿಗೆ ಆಸೆಪಟ್ಟ. ಆದರೆ ಕಣ್ಣೆದುರಿಗೇ ಆ ಕೈ ಜೋತಾಡುತ್ತಿತ್ತು. ಅಷ್ಟರಲ್ಲಿ ಆಳುಗಳು ಸಲಿಕೆ ಹಿಡಿದಿದ್ದರು.

"ನೀನೊಬ್ನೇ ಬಾಕಿ, ಹಾಕಪ್ಪ," ಎಂದ ಮುನಿಶಾಮಪ್ಪ.

ಆವಲಪ್ಪ ಗುಂಡಿಗಿಳಿದ. ಮಂಡಿಯೂರಿ, ಮುಖದ ಬಟ್ಟೆಯ ಮೇಲೆ ಬಿದ್ದಿದ್ದ ಮಣ್ಣನ್ನು ಎರಡೂ ಕೈಯಿಂದ ಬಳಿದು ಬಳಿದು ತೆಗೆಯತೊಡಗಿದ.