ವೀಳ್ಯದೆಲೆಯ ಅಡಿಯಲ್ಲಿ

ಸೀತಮ್ಮನವರಿಗೆ ಸೊಸೆಯ ಮೇಲೆ ಸಿಟ್ಟು ಇವತ್ತು ನಿನ್ನೆಯದಲ್ಲ. ಜೆ.ಪಿ. ನಗರದ ಸೈಟಿಗೆಂದು ಗೃಹನಿರ್ಮಾಣ ಸಹಕಾರ ಸಂಘಕ್ಕೆ ಸೊಸೆಯ ಹೆಸರಲ್ಲಿ ದುಡ್ಡು ಕಟ್ಟಿ ಎಷ್ಟೋ ವರ್ಷವಾಗಿತ್ತು. ಆಮೇಲೆ ಸೇರಿದವರೆಲ್ಲ ಮನೆ ಕಟ್ಟಿ ಗೃಹಪ್ರವೇಶದ ಊಟವನ್ನೂ ಹಾಕಿದ್ದಾಯಿತು. ಅವರೆಲ್ಲ ಮಾಡಿದ್ದಿಷ್ಟೇ: ಕಾರ್ಯದರ್ಶಿ ಚಲುವರಾಜುವಿಗೆ ತಾಂಬೂಲ ಕೊಟ್ಟಿದ್ದರು, ವೀಳ್ಯದೆಲೆಯ ಅಡಿಯಲ್ಲಿ ನೋಟಿಟ್ಟು. ಜಯನಗರದ ಸ್ಕೂಲಿನಲ್ಲಿ ಪಾಠ ಹೇಳುವ ಸೊಸೆ ಸತ್ಯಭಾಮಾ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಪೊಲೀಸರಿಗೆ ದೂರು ಕೊಡಲು ಹೋದರೆ, ಸಂಘದವನು ಸರ್ಕಾರಿ ನೌಕರನಲ್ಲ, ಲಂಚದ ಕಾನೂನು ಅವನಿಗೆ ತಗಲುವುದಿಲ್ಲ ಎಂದು ವಾಪಸು ಕಳಿಸಿದ್ದರು.

ಅಂಥವಳು ಎಂಬತ್ತೆಂಟರ ಕೊನೆಯಲ್ಲಿ, ಸಂಘದ ಮಹಾಸಭೆಯ ದಿನ, ತಾನೇ ತಾಂಬೂಲದ ತಟ್ಟೆ ಜೋಡಿಸಿದಳು. ಸೀತಮ್ಮ ಇಣುಕಿ ನೋಡಿದರೆ ಬರೀ ಕಾಯಿ, ಎಲೆ, ಅಡಿಕೆ. ಇವಳ ಪೆದ್ದುತನಕ್ಕಿಷ್ಟು ಎಂದುಕೊಂಡು, ಸೊಸೆ ಜಡೆ ಹಾಕಿಕೊಳ್ಳುವಾಗ ಸಾಸಿವೆ ಡಬ್ಬಿಯ ನೋಟುಗಳನ್ನು ಎಲೆಯಡಿ ತುರುಕಿದರು.

ಬಸ್ಸಿನಲ್ಲಿ ಸತ್ಯಭಾಮಾ ಮೆಲ್ಲಗೆ ಹೇಳಿದಳು. "ಹೊಸ ಕಾನೂನು ಬಂದಿದೆ ಅತ್ತೆ. ಸರ್ಕಾರದ ನೆರವು ತಗೊಳ್ಳೋ ಸಂಘದವ್ರೂ ಇನ್ಮೇಲೆ ಅದಕ್ಕೆ ಸೇರ್ತಾರೆ. ಲಂಚ ತಗೊಂಡೋರಿಗೂ ಜೈಲು, ಕೊಟ್ಟೋರಿಗೂ ಜೈಲು."

ಸೀತಮ್ಮ ಸೊಸೆಯ ಮಡಿಲಲ್ಲಿದ್ದ ತಟ್ಟೆಯನ್ನೇ ನೋಡಿದರು. ಬಾಯಿಬಿಡೋಣವೆಂದರೆ ಬಸ್ಸು ತುಂಬ ಜನ.

ಸಭೆಯಲ್ಲಿ ಎಲ್ಲರೆದುರು ಸತ್ಯಭಾಮಾ ತಟ್ಟೆ ನೀಡಿದಳು. ಅಭ್ಯಾಸಬಲ ಬಿಟ್ಟೀತೆ? ಚಲುವರಾಜುವಿನ ಬೆರಳು ತಾನಾಗಿ ಎಲೆಯಡಿ ನುಗ್ಗಿತು. ಸೀತಮ್ಮ ಕಣ್ಣು ಮುಚ್ಚಿಕೊಂಡು ಬನಶಂಕರಿ ತಾಯಿಗೆ ಹರಕೆ ಹೊತ್ತರು.

"ಏನು ಹುಡುಕ್ತಿದ್ದೀರಿ ಸಾರ್?" ಸೊಸೆಯ ದನಿ.

ಕಣ್ಣು ಬಿಟ್ಟರೆ ಅವನ ಕೈ ಖಾಲಿ.

"ಇದು ಸಂಘ ಮೇಡಂ, ಸರ್ಕಾರಿ ಆಫೀಸಲ್ಲ," ಎಂದು ಚಲುವರಾಜು ತೊದಲಿದ.

"ಆ ಕಾಲ ಹೋಯ್ತು ಸಾರ್," ಎಂದು ಸತ್ಯಭಾಮಾ ಹೊಸ ಕಾನೂನನ್ನು ಮಕ್ಕಳಿಗೆ ಪಾಠ ಹೇಳಿದಷ್ಟು ಬಿಡಿಸಿ ಹೇಳಿದಳು. ಹಿಂದಿನ ಸಾಲಿನಿಂದ, ಅವರ ಹಾಗೇ ಸೈಟಿಗೆ ಕಾಯುತ್ತಿದ್ದ ಮುನಿಯಣ್ಣ ಎದ್ದ. "ನನ್ನ ತಟ್ಟೇಲೂ ಹಿಂಗೇ ಕೈ ಆಡ್ಸಿದ್ರು." ಅವನ ಹಿಂದೆಯೇ ಇನ್ನಷ್ಟು ಜನ ಎದ್ದರು. ಬೆವರಿದ ಅಧ್ಯಕ್ಷರು, ಬಾಕಿ ಉಳಿದ ಸೈಟುಗಳನ್ನೆಲ್ಲ ಸೇರಿದ ಸರದಿಯಂತೆ ಆ ಸಭೆಯಲ್ಲೇ ಹಂಚಿಸಿದರು. ಮೊದಲ ಹೆಸರೇ ಸತ್ಯಭಾಮಾಳದು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ವ್ಯಾನಿಟಿ ಬ್ಯಾಗಿನಿಂದ ನೋಟುಗಳನ್ನು ತೆಗೆದು ಅತ್ತೆಯ ಮಡಿಲಿಗೆ ಹಾಕಿದಳು. "ಹೊರಡೋವಾಗ್ಲೇ ನೋಡ್ದೆ, ವೀಳ್ಯದೆಲೆಗೆ ಸಾಸಿವೆ ಅಂಟ್ಕೊಂಡಿತ್ತು ಅತ್ತೆ. ಇದ್ರಲ್ಲಿ ಹೊಸ ಮನೆಗೆ ಹೊಸಿಲು ಮಾಡ್ಸೋಣ."

ಸೀತಮ್ಮನವರಿಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು. ಯಾರೂ ಕೇಳದಿದ್ದರೂ ಪಕ್ಕದ ಸೀಟಿನವಳ ಕಡೆ ತಿರುಗಿ, "ಇವಳು ನನ್ನ ಸೊಸೆ ಕಣಮ್ಮ," ಎಂದರು.